ಮಲಾವಿಯ ಹಳ್ಳಿಯಲ್ಲಿ ಎರಡು ವರ್ಷ: ರಾಗಿ, ಹುಣಸೆ, ಅಳಗುಳಿ ಮಣೆ ಎಲ್ಲಾ ಅಲ್ಲೇ ಇತ್ತು

ತುಮಕೂರು ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. 2016ರ ಸೆಪ್ಟೆಂಬರಿನಿಂದ 2018ರ ಆಗಸ್ಟ್‌ವರೆಗೆ ಮಲಾವಿ ದೇಶದ ಜೋಂಬಾ ಜಿಲ್ಲೆಯ ಒಂದು ಹಳ್ಳಿಯಲ್ಲಿ ಸ್ವಯಂಸೇವಕಿಯಾಗಿ ಪಾಠ ಮಾಡಿದೆ. ವಾಪಸ್ ಬಂದ ಮೇಲೆ ಎಲ್ಲರೂ ಕೆಲಸದ ಬಗ್ಗೆಯೇ ಕೇಳಿದರು. ಎಷ್ಟು ಮಕ್ಕಳು, ಪಾಸಾದವರು ಎಷ್ಟು, ಸಿಂಹ ನೋಡಿದ್ರಾ. ಸಂಜೆ ಹೊತ್ತು ಏನು ಮಾಡುತ್ತಿದ್ದೆ, ಏನು ತಿನ್ನುತ್ತಿದ್ದೆ, ಯಾರ ಜೊತೆ ಕೂತು ಮಾತಾಡುತ್ತಿದ್ದೆ ಅಂತ ಕೇಳಿದವರು ಕಡಿಮೆ. ನನಗೆ ಹೇಳಬೇಕು ಅನ್ನಿಸೋದು ಅದೇ. ಹೀಗೆ ಆಫ್ರಿಕಾದ ಹಳ್ಳಿಗಳಲ್ಲಿ ಇದ್ದು ಬಂದವರು ಇಲ್ಲಿ ಇದ್ದರೆ ನೀವೂ ಬರೆಯಿರಿ.

ಮೊದಲ ಸಂಜೆಯಿಂದ ಶುರು ಮಾಡುತ್ತೇನೆ. ಮನೆ ಅಂದರೆ ಸುಟ್ಟ ಇಟ್ಟಿಗೆಯ ಎರಡು ಕೋಣೆ, ತಗಡಿನ ಸೂರು. ಕರೆಂಟ್ ಇಲ್ಲ. ನಾನು ಸೂಟ್‌ಕೇಸ್ ಮೇಲೆ ಕೂತಿದ್ದೆ. ಹೊರಗೆ ಯಾರೋ 'ಒಡಿ!' ಅಂದರು. ಸುಮ್ಮನಿದ್ದೆ. ಮತ್ತೆ 'ಒಡಿ, ಒಡಿ!' ಬಾಗಿಲು ತೆರೆದೇ ಇತ್ತು, ಆದರೂ ಆಕೆ ಒಳಗೆ ಬರಲಿಲ್ಲ. ಅಂಗಳದಲ್ಲೇ ನಿಂತಿದ್ದರು. ಕೈಯಲ್ಲಿ ಮುಚ್ಚಿದ ತಟ್ಟೆ. ಅಲ್ಲಿ ಯಾರ ಮನೆಗೆ ಹೋದರೂ ಹೊರಗೆ ನಿಂತು 'ಒಡಿ' ಅನ್ನಬೇಕು, ಒಳಗಿನವರು 'ಒಡಿನಿ' ಅಂದ ಮೇಲೆಯೇ ಒಳಗೆ ಕಾಲಿಡಬೇಕು. ನಾನು ಉತ್ತರ ಕೊಡದ ಕಾರಣ ಪಾಪ ಅವರು ಹಾಗೇ ಕಾದಿದ್ದರು. ಪಕ್ಕದ ಮನೆಯವರು. ವಯಸ್ಸಾದ ಹೆಂಗಸರನ್ನು ಅಲ್ಲಿ 'ಅಮಾಯಿ' ಅಂತ ಕರೆಯುತ್ತಾರೆ. ನನ್ನ ಬಾಯಿಗೆ ಅದು 'ಅಮ್ಮ' ಅಂದಷ್ಟೇ ಸಲೀಸಾಗಿ ಬಂತು. ಎರಡು ವರ್ಷ ಅವರನ್ನು ಹಾಗೇ ಕರೆದೆ.

ತಟ್ಟೆಯಲ್ಲಿ ಇದ್ದದ್ದು ನ್ಸಿಮಾ. ಬಿಳಿ ಬಣ್ಣದ ಮುಸುಕಿನ ಜೋಳದ ಹಿಟ್ಟಿನ ಮುದ್ದೆ. ಜೊತೆಗೆ ಸಿಹಿಕುಂಬಳದ ಎಲೆಯ ಪಲ್ಯ, ಅದಕ್ಕೆ ಕಡಲೆಕಾಯಿ ಪುಡಿ ಹಾಕಿ ಬೇಯಿಸಿದ್ದು. ಕೈ ತೊಳೆಯಲು ಅವರೇ ಚೊಂಬಿನಿಂದ ನೀರು ಹಾಕಿದರು. ಬಲಗೈಯಲ್ಲಿ ಮುರಿದು, ಉಂಡೆ ಕಟ್ಟಿ, ಪಲ್ಯಕ್ಕೆ ಅದ್ದಿ ತಿನ್ನಬೇಕು. ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ನಾನು ತಿನ್ನೋದನ್ನ ನೋಡಿ ಅಮಾಯಿ ಚಪ್ಪಾಳೆ ತಟ್ಟಿದರು. ವಿದೇಶದವರು ಚಮಚ ಕೇಳುತ್ತಾರೆ ಅಂದುಕೊಂಡಿದ್ದರಂತೆ.

ಎರಡನೇ ವಾರ ಅವರ ಅಡುಗೆಮನೆಗೆ ಹೋದೆ. ಎಸರು ಕಾಯುತ್ತಿತ್ತು. ಮೊದಲು ಸ್ವಲ್ಪ ಹಿಟ್ಟು ಹಾಕಿ ಗಂಜಿ ಮಾಡಿದರು. ಅದು ಕೊತಕೊತ ಕುದಿದ ಮೇಲೆ ಉಳಿದ ಹಿಟ್ಟು ಸುರಿದು, ಮ್ತಿಕೋ ಅನ್ನುವ ಮರದ ಕೋಲಿನಲ್ಲಿ ತೊಳಸಿದರು. ನಮ್ಮಜ್ಜಿ ಹಿಟ್ಟು ತೊಳಸೋದೂ ಹೀಗೇ ಅಲ್ವಾ. ಕಾಲಲ್ಲಿ ಪಾತ್ರೆ ಒತ್ತಿ ಹಿಡಿದು, ಸೊಂಟದಿಂದ ಬಲ ತಂದು. ನಾನು ಅಲ್ಲೇ ಕೂತು ಅತ್ತೆ. ಅಮಾಯಿ ಹೊಗೆ ಕಣ್ಣಿಗೆ ಬಿತ್ತು ಅಂದುಕೊಂಡು ನನ್ನನ್ನು ಬಾಗಿಲ ಹತ್ತಿರ ಕೂರಿಸಿದರು.

ಆಮೇಲೆ ಒಂದು ದಿನ ಜೋಂಬಾ ಪೇಟೆಯ ಮಾರ್ಕೆಟ್ಟಿನಲ್ಲಿ ರಾಗಿ ಸಿಕ್ಕಿತು! ಅದೇ ಕೆಂಪು ಕಾಳು. ಅಲ್ಲಿ 'ಮಾವೆರೆ' ಅಂತಾರೆ. ಜಾಸ್ತಿ ಜನ ಅದನ್ನು ಗಂಜಿಗೆ, ಮತ್ತೆ ತೋಬ್ವಾ ಅನ್ನುವ ಸಿಹಿ-ಹುಳಿ ಪಾನೀಯಕ್ಕೆ ಬಳಸುತ್ತಾರೆ. ಮಿಲ್ಲಿನಲ್ಲಿ ಬೀಸಿಸಿಕೊಂಡು ಬಂದು ಮುದ್ದೆ ಮಾಡಿದೆ. ಅಮಾಯಿಯ ತಾಯಿ, ಎಂಬತ್ತರ ಅಜ್ಜಿ, ಒಂದು ತುತ್ತು ತಿಂದು ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು, ನಾನು ಚಿಕ್ಕವಳಿದ್ದಾಗ ನನ್ನ ಅಜ್ಜಿ ಮಾವೆರೆಯ ನ್ಸಿಮಾ ಮಾಡುತ್ತಿದ್ದಳು, ಅವಳು ಹೋದ ಮೇಲೆ ಇವತ್ತೇ ತಿಂದದ್ದು ಅಂತ. ಮುಸುಕಿನ ಜೋಳ ಅಮೆರಿಕ ಖಂಡದಿಂದ ಬಂದ ಬೆಳೆ. ಅದು ಊರೆಲ್ಲ ಹರಡುವ ಮೊದಲು ಅಲ್ಲಿಯವರ ನ್ಸಿಮಾ ರಾಗಿ, ಬಿಳಿಜೋಳ, ಸಜ್ಜೆಯದ್ದು.

ರಾಗಿ ಮೊದಲು ಬೆಳೆದದ್ದೇ ಪೂರ್ವ ಆಫ್ರಿಕಾದ ಎತ್ತರದ ಭೂಮಿಯಲ್ಲಿ, ಇಥಿಯೋಪಿಯಾ ಉಗಾಂಡಾ ಕಡೆ. ಸಾವಿರಾರು ವರ್ಷದ ಹಿಂದೆ ನಮ್ಮ ಕಡೆ ಬಂತು. ಇದನ್ನು ಪುಸ್ತಕದಲ್ಲಿ ಓದಿದ್ದೆ. ಆದರೆ ಆ ಅಜ್ಜಿಯ ಪಕ್ಕ ಕೂತು ಮುದ್ದೆ ನುಂಗುವಾಗ ಗೊತ್ತಾದದ್ದು ಬೇರೆ ಥರ. ಊರಿನ ನೆನಪು ಕಾಡಿದಾಗಲೆಲ್ಲ ಅದಕ್ಕೆ ಮದ್ದು ಆ ಮಣ್ಣಿನಲ್ಲೇ ಸಿಗುತ್ತಿತ್ತು. ಹುಣಸೆಹಣ್ಣೂ ಹಾಗೇ. ಅಲ್ಲಿ ಅದರ ಹೆಸರು ಬ್ವೆಂಬಾ. ಹುಣಸೆ ಮರದ ಮೂಲವೂ ಆಫ್ರಿಕಾವೇ. ತೊಗರಿ ಮಾತ್ರ ನಮ್ಮ ಕಡೆಯಿಂದ ಹೋದದ್ದು. ದಕ್ಷಿಣ ಮಲಾವಿಯಲ್ಲಿ ಜೋಳದ ಸಾಲಿನ ನಡುವೆ ತೊಗರಿ ಇರುತ್ತದೆ, ನನ್ಡೋಲೋ ಅಂತಾರೆ. ಹಸಿ ತೊಗರಿಕಾಯಿ ಬಿಡಿಸಿ, ಸೊಪ್ಪು ಹಾಕಿ, ಬ್ವೆಂಬಾ ಹಿಂಡಿ ಬಸ್ಸಾರು ಮಾಡಿದ ಭಾನುವಾರಗಳು ನನಗೆ ಹಬ್ಬದ ಹಾಗೆ ನೆನಪಿವೆ.

ಕುಡ್ಲದ ನರ್ಸ್

ಟೀಚರ್, ನೀವು 'ಒಡಿ' ಅಂದಾಗ ನನಗೆ ರೋಮಾಂಚನ ಆಯಿತು. ನಾನು ತಾಂಜಾನಿಯಾದ ಮೊರೊಗೊರೊ ಕಡೆ ಒಂದು ಹಳ್ಳಿ ಆಸ್ಪತ್ರೆಯಲ್ಲಿ ಹದಿನೆಂಟು ತಿಂಗಳು ಇದ್ದೆ. ಅಲ್ಲಿ ಸ್ವಾಹಿಲಿಯಲ್ಲಿ 'ಹೋಡಿ' ಅಂತಾರೆ, ಒಳಗಿನವರು 'ಕರಿಬು' ಅನ್ನಬೇಕು.

ನನಗೆ ದೊಡ್ಡ ಖುಷಿ ಕೊಟ್ಟದ್ದು ನಮಸ್ಕಾರ. ಹಿರಿಯರು ಎದುರಾದರೆ 'ಶಿಕಮೂ' ಅನ್ನಬೇಕು. ನಿಮ್ಮ ಕಾಲು ಹಿಡಿಯುತ್ತೇನೆ ಅನ್ನುವ ಅರ್ಥ ಅದರ ಹಿಂದೆ ಇದೆ ಅಂತಾರೆ. ಅವರು 'ಮರಹಬಾ' ಅಂತ ಉತ್ತರ ಕೊಡುತ್ತಾರೆ. ಆಮೇಲೆ ಮನೆ ಹೇಗಿದೆ, ಮಕ್ಕಳು ಹೇಗಿದ್ದಾರೆ, ಕೆಲಸ ಹೇಗಿದೆ, ರಾತ್ರಿ ನಿದ್ದೆ ಬಂತಾ. ಒಂದನ್ನೂ ಬಿಡದೆ ಕೇಳುತ್ತಾರೆ. ಮೊದಲ ತಿಂಗಳು ನಾನು ಡ್ಯೂಟಿಗೆ ಹೊತ್ತಾಯಿತು ಅಂತ ಓಡುತ್ತಿದ್ದೆ. ಒಬ್ಬ ಅಜ್ಜ ನನ್ನ ಮೇಲಿನ ನರ್ಸ್ ಹತ್ತಿರ ಕೇಳಿದರಂತೆ, ಈ ಹುಡುಗಿಗೆ ನಮ್ಮ ಮೇಲೆ ಕೋಪವಾ ಅಂತ. ಆವತ್ತಿನಿಂದ ಮನೆಯಿಂದ ಇಪ್ಪತ್ತು ನಿಮಿಷ ಮೊದಲೇ ಹೊರಡಲು ಶುರು ಮಾಡಿದೆ. ಆ ದಾರಿಯ ಮಾತಿನಲ್ಲೇ ಯಾರಿಗೆ ಜ್ವರ, ಯಾವ ಮನೆಯಲ್ಲಿ ಬಾಣಂತಿ, ಎಲ್ಲಾ ಗೊತ್ತಾಗುತ್ತಿತ್ತು. ಆಸ್ಪತ್ರೆಯ ರಿಜಿಸ್ಟರಿನಿಂದ ಗೊತ್ತಾದದ್ದಕ್ಕಿಂತ ಜಾಸ್ತಿ.

ಒಂದು ಪ್ರಶ್ನೆ. ನಿಮ್ಮ ಹಳ್ಳಿಯಲ್ಲಿ ಬಾವೋ ಆಡುತ್ತಿದ್ದರಾ?

ತುಮಕೂರು ಟೀಚರ್

ಬಾವೋ! ಅದನ್ನು ಬರೆಯದೆ ಹೇಗೆ ಬಿಟ್ಟೆ ನಾನು. ಮಿಲ್ಲಿನ ಪಕ್ಕದ ಮಾವಿನ ಮರದ ಕೆಳಗೆ ದಿನಾ ಸಂಜೆ ಆಡುತ್ತಿದ್ದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮರದ ಹಲಗೆ, ನಾಲ್ಕು ಸಾಲು, ಸಾಲಿಗೆ ಎಂಟು ಗುಳಿ, ಒಟ್ಟು 32. ಕಾಯಿ 64. ಕಾಯಿ ಅಂದರೆ ಗಟ್ಟಿ ಬೀಜಗಳು. ಹಲಗೆ ಇಲ್ಲದವರು ನೆಲದಲ್ಲೇ ಗುಳಿ ತೋಡಿ ಆಡುತ್ತಾರೆ. ದೂರದಿಂದ ನೋಡಿದಾಗಲೇ ನನಗೆ ಇದು ನಮ್ಮ ಅಳಗುಳಿ ಮಣೆ ಅನ್ನಿಸಿತು. ನಮ್ಮದು ಎರಡು ಸಾಲು, ಹದಿನಾಲ್ಕು ಗುಳಿ. ಕೈಯಲ್ಲಿ ಕಾಯಿ ತಗೊಂಡು ಒಂದೊಂದೇ ಹಾಕುತ್ತಾ ಹೋಗುವ ಆ ಓಟ ಒಂದೇ.

ಒಂದು ದೊಡ್ಡ ವ್ಯತ್ಯಾಸ ಇದೆ. ನಮ್ಮಲ್ಲಿ ಗೆದ್ದ ಕಾಯಿ ಮಣೆಯಿಂದ ಹೊರಗೆ ತೆಗೆದು ಇಟ್ಟುಕೊಳ್ಳುತ್ತೇವೆ. ಬಾವೋದಲ್ಲಿ ಗೆದ್ದ ಕಾಯಿಯನ್ನು ನಮ್ಮ ಸಾಲಿಗೇ ಮತ್ತೆ ಬಿತ್ತಬೇಕು. ಕಾಯಿ ಆಟ ಬಿಟ್ಟು ಹೋಗುವುದೇ ಇಲ್ಲ. ಹಾಗಾಗಿ ಸೋಲುತ್ತಿದ್ದವನು ಒಂದೇ ನಡೆಯಲ್ಲಿ ಮೇಲೆ ಬರಬಹುದು. ನಾನು ಗಣಿತದವಳು, ಲೆಕ್ಕ ಹಾಕಿ ಆಡೋಣ ಅಂತ ಕೂತೆ. ನನ್ನ ಲೆಕ್ಕ ಮುಗಿಯುವ ಮೊದಲೇ ಎದುರಿನ ಸೈಕಲ್ ರಿಪೇರಿ ಅಜ್ಜ ಮೂರು ಸುತ್ತು ಮುಂದಿನದನ್ನು ನೋಡಿ ಆಗಿರುತ್ತಿತ್ತು. ಶಾಲೆ ಓದಿದವರಲ್ಲ ಅವರು. ಆಮೇಲೆ ನಾನು ಎಂಟನೇ ಕ್ಲಾಸಿಗೆ ಸಮನಾದ ಮಕ್ಕಳಿಗೆ ಶೇಷ, ಭಾಗಾಕಾರ ಹೇಳಿಕೊಡುವಾಗ ಅವರನ್ನೇ ಕ್ಲಾಸಿಗೆ ಕರೆದುಕೊಂಡು ಹೋದೆ. ಮಕ್ಕಳು ಅಷ್ಟು ಗಮನ ಕೊಟ್ಟು ಕೂತದ್ದು ಆ ವರ್ಷದಲ್ಲಿ ಆ ದಿನವೇ.

ಕುಡ್ಲದ ನರ್ಸ್

ನಮ್ಮ ಕಡೆ ಚೆನ್ನೆಮಣೆ ಅಂತೇವೆ, ನಿಮಗೆ ಗೊತ್ತಿರುತ್ತದೆ. ಆಟಿ ತಿಂಗಳ ಮಳೆಯಲ್ಲಿ ಮಾತ್ರ ಅಟ್ಟದಿಂದ ಇಳಿಸುವುದು. ನನ್ನ ಅಜ್ಜಿ ಮಂಜೊಟ್ಟಿ ಕಾಯಿ ಡಬ್ಬಿಯಲ್ಲಿ ಹಾಕಿ ಇಡುತ್ತಿದ್ದರು. ಮೊರೊಗೊರೊದಿಂದ ವಾಪಸ್ ಬರುವಾಗ ಅಲ್ಲಿಯ ಹೆಂಗಸರು ನನಗೆ ಒಂದು ಮುಷ್ಟಿ ಬಾವೋ ಬೀಜ ಕೊಟ್ಟರು. ಈಗ ಅಜ್ಜಿಯ ಡಬ್ಬಿಯಲ್ಲಿ ಎರಡೂ ಒಟ್ಟಿಗೆ ಇವೆ.

ಸವಣೂರ ಹುಡುಗ

ನಾನು ಆಫ್ರಿಕಾಕ್ಕೆ ಹೋದವನಲ್ಲ. ಆದರೂ ಒಂದು ಕೇಳಬೇಕು. ನಮ್ಮೂರಿನ ದೊಡ್ಡಹುಣಸೆ ಮಠದಲ್ಲಿ ದೈತ್ಯ ಮರಗಳು ಇವೆ. ದೊಡ್ಡಹುಣಸೆ ಅಂತೇವೆ, ಆದರೆ ಅದು ಹುಣಸೆ ಅಲ್ಲ, ಬಾವೊಬಾಬ್. ಆಫ್ರಿಕಾದ ಮರ ಅಂತ ಬೋರ್ಡ್ ಓದಿ ಬೆಳೆದವರು ನಾವು. ನೀವು ಅದನ್ನು ಅಲ್ಲಿ ನೋಡಿದಿರಾ ಅಕ್ಕಾ? ಅಲ್ಲಿಯ ಜನ ಅದರ ಕಾಯಿ ಏನು ಮಾಡುತ್ತಾರೆ? ನಾವು ಸಣ್ಣವರಿದ್ದಾಗ ಕಾಯಿ ಒಡೆದು ಒಳಗಿನ ಬಿಳಿ ಪುಡಿ ಚೀಪುತ್ತಿದ್ದೆವು. ಹುಳಿ ಹುಳಿ.

ತುಮಕೂರು ಟೀಚರ್

ತಮ್ಮಾ, ಅದೇ ಮರ. ಮಲಾವಿಯಲ್ಲಿ ಕಾಯಿಗೆ 'ಮಲಾಂಬೆ' ಅಂತಾರೆ. ನೀವು ಚೀಪುತ್ತಿದ್ದ ಆ ಬಿಳಿ ಪುಡಿಯನ್ನೇ ನೀರಿಗೆ ಹಾಕಿ, ಸಕ್ಕರೆ ಬೆರೆಸಿ ಪಾನಕ ಮಾಡುತ್ತಾರೆ. ಪೇಟೆಯಲ್ಲಿ ಅದನ್ನೇ ಪ್ಲಾಸ್ಟಿಕ್ ಕೊಳವೆಯಲ್ಲಿ ತುಂಬಿ ಐಸ್ ಮಾಡಿ ಮಾರುತ್ತಾರೆ, ನಮ್ಮ ಪೆಪ್ಸಿ ಐಸ್ ಥರ. ಅಕ್ಟೋಬರ್ ಅಂದರೆ ಅಲ್ಲಿ ಕಡು ಬೇಸಿಗೆ. ಶಾಲೆ ಬಿಟ್ಟು ಮೂರು ಕಿಲೋಮೀಟರ್ ನಡೆದು ಬಂದು, ಬಸ್ ನಿಲ್ಲುವ ಜಾಗದಲ್ಲಿ ಒಂದು ಮಲಾಂಬೆ ಐಸ್ ಚೀಪೋದು. ಆ ಖುಷಿಗೆ ಸಾಟಿ ಇಲ್ಲ.

ನೀರಿನ ಎಂಜಿನಿಯರ್

ನಾನು ಪಕ್ಕದ ಜಾಂಬಿಯಾದಲ್ಲಿದ್ದೆ, ಪೂರ್ವ ಪ್ರಾಂತ್ಯ, ಚಿಪಾಟಾದಿಂದ ಒಳಗೆ. ಬೋರ್‌ವೆಲ್ ಕೈಪಂಪು ರಿಪೇರಿ ಮಾಡಲು ಊರಿನವರಿಗೆ ಕಲಿಸುವ ಕೆಲಸ. ಮೊದಲ ದಿನ ಪಂಪು ನೋಡಿದರೆ ನಮ್ಮೂರ ಬೋರಿಂಗೇ! ಇಂಡಿಯಾ ಮಾರ್ಕ್ 2. 1970ರ ದಶಕದಲ್ಲಿ ಯುನಿಸೆಫ್ ಜೊತೆ ಸೇರಿ ನಮ್ಮ ದೇಶದಲ್ಲೇ ರೂಪಿಸಿದ್ದು. ಬರ ಬಿದ್ದ ಹಳ್ಳಿಗಳಲ್ಲಿ ಹೆಂಗಸರು ಮಕ್ಕಳು ಒತ್ತಿದರೂ ಮುರಿಯಬಾರದು ಅಂತ ಮಾಡಿದ ಪಂಪು ಅದು. ಆಮೇಲೆ ಆಫ್ರಿಕಾದ ಎಷ್ಟೋ ದೇಶಗಳಿಗೆ ಹೋಯಿತು. ಕೊಪ್ಪಳದ ಕಡೆ ನನ್ನ ಅವ್ವ ನೀರು ಹೊತ್ತ ಅದೇ ಹಿಡಿಕೆ, ಅದೇ ಕಿರ್ ಕಿರ್ ಸದ್ದು.

ನನ್ನ ದಿನದ ಒಳ್ಳೆಯ ಹೊತ್ತು ಬೆಳಗಿನ ಐದೂವರೆ. ಪಂಪಿನ ಹತ್ತಿರ ಹೆಂಗಸರ ಸಾಲು. ಇಪ್ಪತ್ತು ಲೀಟರಿನ ಕೊಡಪಾನ, ಬಕೆಟ್ಟು, ಹಳದಿ ಕ್ಯಾನು. ಯಾರೂ ಒಬ್ಬರೇ ಎತ್ತುವುದಿಲ್ಲ. ಹಿಂದಿನವಳು ಬಂದು ಕೈ ಕೊಟ್ಟು ತಲೆ ಮೇಲೆ ಇಡುತ್ತಾಳೆ. ನಾನು ವಾಷರ್ ಬದಲಿಸುತ್ತಾ ಕೂತಿದ್ದರೆ ಒಬ್ಬರು ಸುಟ್ಟ ಗೆಣಸು ಕೊಟ್ಟು ಹೋಗುತ್ತಿದ್ದರು. ಬಟ್ಟೆ ಬಗ್ಗೆಯೂ ಹೇಳಬೇಕು. ಚಿತೆಂಗೆ ಅಂತ ಎರಡು ಮೀಟರ್ ಬಣ್ಣದ ಬಟ್ಟೆ. ಅದನ್ನೇ ಉಡುತ್ತಾರೆ, ಅದರಲ್ಲೇ ಮಗು ಬೆನ್ನಿಗೆ ಕಟ್ಟುತ್ತಾರೆ, ಅದನ್ನೇ ಸುತ್ತಿ ಸಿಂಬೆ ಮಾಡುತ್ತಾರೆ. ನಮ್ಮವ್ವನ ಸೆರಗು ಮಾಡುತ್ತಿದ್ದ ಕೆಲಸ ಎಲ್ಲಾ ಅದು ಮಾಡುತ್ತದೆ.

ಓದುಗ

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ಆದರೆ ಒಂದು ಮಾತು, ಬೇಜಾರು ಮಾಡ್ಕೋಬೇಡಿ. ಬಡ ಹಳ್ಳಿಗೆ ಹೋಗಿ ಬಂದು 'ಸರಳ ಜೀವನ, ಎಷ್ಟು ಚೆಂದ' ಅನ್ನೋದು ಸುಲಭ. ನಮಗೆ ವಾಪಸ್ ಟಿಕೆಟ್ ಇರುತ್ತದೆ. ಅವರಿಗೆ?

ತುಮಕೂರು ಟೀಚರ್

ಬೇಜಾರಿಲ್ಲ. ಕೇಳಬೇಕಾದ ಪ್ರಶ್ನೆಯೇ.

ಅಲ್ಲಿ ಬೆಳೆ ವರ್ಷಕ್ಕೆ ಒಂದೇ. ನವೆಂಬರ್-ಡಿಸೆಂಬರಿನಲ್ಲಿ ಮಳೆ, ಏಪ್ರಿಲ್ ಹೊತ್ತಿಗೆ ಕೊಯ್ಲು. ಜನವರಿ, ಫೆಬ್ರವರಿಯಲ್ಲಿ ಹೊಲ ಹಸಿರಾಗಿರುತ್ತದೆ, ಕಣಜ ಖಾಲಿ. ಹಸಿವಿನ ತಿಂಗಳು ಅಂತಲೇ ಕರೆಯುತ್ತಾರೆ. ನನ್ನ ಕ್ಲಾಸಿನಲ್ಲಿ ಆಗ ಹಿಂದಿನ ಬೆಂಚು ಖಾಲಿಯಾಗುತ್ತಿತ್ತು. ಮಕ್ಕಳು ಬೇರೆಯವರ ಹೊಲದಲ್ಲಿ ಕೂಲಿಗೆ ಹೋಗುತ್ತಿದ್ದರು. ಅಮಾಯಿ ಮನೆಯಲ್ಲಿ ದಿನಕ್ಕೆ ಒಂದೇ ಊಟ. ಆ ಎರಡು ತಿಂಗಳು ಅವರು ಊಟದ ಹೊತ್ತಿಗೆ ನನ್ನ ಮನೆಗೆ ಬರುತ್ತಿರಲಿಲ್ಲ. ನಾನು ಕೊಡುತ್ತೇನೆ ಅಂತ ಅವರಿಗೆ ಗೊತ್ತು, ಅದಕ್ಕೇ ಬರುತ್ತಿರಲಿಲ್ಲ. ನಾನು ಹಿಟ್ಟು ತಗೊಂಡು ಹೋದರೆ ಬದಲಿಗೆ ಏನಾದರೂ ಕೊಟ್ಟೇ ಕಳಿಸುತ್ತಿದ್ದರು. ನಾಲ್ಕು ಕುಂಬಳದ ಎಲೆಯಾದರೂ ಸರಿ.

ಆಮೇಲೆ ಫೆಬ್ರವರಿ ಕೊನೆಗೆ ಹಸಿ ಜೋಳದ ತೆನೆ ಬಲಿಯುತ್ತದೆ. ಮೊದಲ ತೆನೆ ಸುಟ್ಟ ಸಂಜೆಯನ್ನು ನಾನು ಮರೆಯುವುದಿಲ್ಲ. ಮಕ್ಕಳು ಒಲೆ ಸುತ್ತ ಕೂತಿದ್ದರು. ಯಾರೂ ಮಾತಾಡುತ್ತಿರಲಿಲ್ಲ, ಬರೀ ತಿನ್ನುವ ಸದ್ದು. ಅಮಾಯಿ ಎಲ್ಲರಿಗೂ ಕೊಟ್ಟು ಕೊನೆಗೆ ತಾವು ಒಂದು ತಗೊಂಡರು. ಅದನ್ನು ನಾನು ಸರಳ ಜೀವನದ ಚೆಂದ ಅಂತ ಕರೆಯಲ್ಲ. ಎರಡು ತಿಂಗಳು ಅರೆಹೊಟ್ಟೆಯಲ್ಲಿ ಇದ್ದವರ ಸಂತೋಷ ಅದು. ನಾನು ಅದರ ಪಕ್ಕ ಕೂತಿದ್ದೆ ಅಷ್ಟೇ. ನನ್ನ ಹಸಿವು ಯಾವತ್ತೂ ಆ ಹಸಿವಲ್ಲ.

2023ರ ಮಾರ್ಚ್‌ನಲ್ಲಿ ಫ್ರೆಡ್ಡಿ ಚಂಡಮಾರುತ ದಕ್ಷಿಣ ಮಲಾವಿಗೆ ಬಡಿಯಿತು. ಸಾವಿರಕ್ಕೂ ಜಾಸ್ತಿ ಜನ ಸತ್ತರು, ಇಲ್ಲವೇ ಕಾಣೆಯಾದರು. ನಾಲ್ಕು ದಿನ ಫೋನ್ ಸಿಗಲಿಲ್ಲ. ಐದನೇ ದಿನ ಅಮಾಯಿಯ ಮಗಳು ಮೆಸೇಜ್ ಮಾಡಿದಳು. ಅಡುಗೆಮನೆ ಗೋಡೆ ಬಿದ್ದಿದೆ, ನಾವೆಲ್ಲ ಇದ್ದೇವೆ, ನಿಮ್ಮ ತಾಯಿಗೆ ಹುಷಾರಾ ಅಂತ. ನನ್ನ ತಾಯಿ ಆಗ ಆಸ್ಪತ್ರೆಯಲ್ಲಿದ್ದರು. ಅವಳಿಗೆ ಅದು ನೆನಪಿತ್ತು.

ಓದುಗ

ಓದಿ ಗಂಟಲು ಕಟ್ಟಿತು ಮೇಡಂ. ಇದನ್ನು ಬರೆದದ್ದಕ್ಕೆ ಥ್ಯಾಂಕ್ಸ್.

ಗಿರಿ ಕಾಫಿ

ನಾನು ಚಿಕ್ಕಮಗಳೂರಿನವನು. ಇಥಿಯೋಪಿಯಾದ ಜಿಮ್ಮಾ ಕಡೆ ಒಂಬತ್ತು ತಿಂಗಳು ಕಾಫಿ ಬೆಳೆಗಾರರ ಜೊತೆ ಇದ್ದೆ. ಬಾಬಾ ಬುಡನ್ ಯೆಮನ್‌ನಿಂದ ಏಳು ಬೀಜ ತಂದರು ಅನ್ನುವ ಕಥೆ ಕೇಳುತ್ತಾ ಬೆಳೆದವನಿಗೆ, ಆ ಬೀಜದ ತವರಿನಲ್ಲಿ ಕಾಡಿನೊಳಗೆ ತಾನಾಗಿಯೇ ಬೆಳೆದ ಗಿಡ ನೋಡುವುದು ಅಂದರೆ ಹೇಗಿರುತ್ತದೆ ಹೇಳಿ.

ಅಲ್ಲಿ ಕಾಫಿಗೆ ಕರೆದರು ಅಂದರೆ ಒಂದು ಗಂಟೆ ಆದರೂ ಕೂರಬೇಕು. ನೆಲಕ್ಕೆ ಹಸಿ ಹುಲ್ಲು ಹಾಸುತ್ತಾರೆ. ಧೂಪ ಹಾಕುತ್ತಾರೆ. ಹಸಿ ಬೀಜ ತೊಳೆದು ನಮ್ಮ ಎದುರಿಗೇ ಹುರಿಯುತ್ತಾರೆ. ಹೊಗೆ ಬರುವಾಗ ಬಾಣಲೆಯನ್ನು ಒಬ್ಬೊಬ್ಬರ ಮುಂದೆ ತರುತ್ತಾರೆ, ಕೈಯಿಂದ ಹೊಗೆ ನಮ್ಮ ಕಡೆ ಎಳೆದುಕೊಂಡು ವಾಸನೆ ನೋಡಬೇಕು. ಆಮೇಲೆ ಕುಟ್ಟಿ, ಜೆಬೆನಾ ಅನ್ನುವ ಮಣ್ಣಿನ ಹೂಜಿಯಲ್ಲಿ ಕುದಿಸಿ, ಹಿಡಿಕೆ ಇಲ್ಲದ ಪುಟ್ಟ ಬಟ್ಟಲಿಗೆ ಮೇಲಿಂದ ಸುರಿಯುತ್ತಾರೆ. ಮೂರು ಸುತ್ತು. ಅಬೋಲ್, ಟೋನಾ, ಬರಕಾ. ಮೂರನೆಯದು ಆಶೀರ್ವಾದದ ಸುತ್ತು, ಅದಕ್ಕೆ ಮೊದಲು ಎದ್ದು ಹೋಗಬಾರದು. ಜೊತೆಗೆ ಜೋಳದ ಅರಳು. ನಮ್ಮ ತೋಟದಲ್ಲಿ ಒಳ್ಳೆಯ ಬೀಜ ಎಲ್ಲಾ ಕ್ಯೂರಿಂಗ್‌ಗೆ ಕಳಿಸಿ, ಉಳಿದದ್ದನ್ನು ಮನೆಗೆ ಇಟ್ಟುಕೊಳ್ಳುತ್ತಿದ್ದೆವು. ಅಲ್ಲಿ ಅವರು ಮನೆಗೆ ಬಂದವರಿಗೆ ಅಂತ ಒಳ್ಳೆಯದನ್ನು ತೆಗೆದಿಡುತ್ತಾರೆ. ವಾಪಸ್ ಬಂದ ಮೇಲೆ ನಾವೂ ಹಾಗೆ ಮಾಡುತ್ತಿದ್ದೇವೆ. ಅಪ್ಪ ಮೊದಲು ಒಪ್ಪಲಿಲ್ಲ, ಈಗ ಅವರೇ ಆರಿಸಿ ಇಡುತ್ತಾರೆ.

ಹೊರಟಿದ್ದೇನೆ

ಎಲ್ಲರಿಗೂ ನಮಸ್ತೆ. ಎರಡು ದಿನದಿಂದ ಇದನ್ನೇ ಓದುತ್ತಿದ್ದೇನೆ. ನಾನು ಮುಂದಿನ ತಿಂಗಳು ಮಲಾವಿಗೆ ಹೊರಟಿದ್ದೇನೆ, ಒಂದು ವರ್ಷಕ್ಕೆ. ಫಿಸಿಯೋಥೆರಪಿ ಓದಿದ್ದೇನೆ. ಮನೆ ಬಿಟ್ಟು ದೂರ ಇದ್ದವಳಲ್ಲ. ನಿಜ ಹೇಳಬೇಕು ಅಂದರೆ ಸಂಜೆ ಆರು ಗಂಟೆಗೆ ಕತ್ತಲಾದ ಮೇಲೆ ಏನು ಮಾಡೋದು ಅನ್ನೋದೇ ಭಯ. ಏನು ತಗೊಂಡು ಹೋಗಲಿ?

ಕುಡ್ಲದ ನರ್ಸ್

ತಂಗೀ, ಮೊದಲು ಡಾಕ್ಟರ್ ಹತ್ತಿರ ಹೋಗಿ ಮಲೇರಿಯಾ ತಡೆಯುವ ಮಾತ್ರೆ ಕೇಳು. ಅಲ್ಲಿ ಸೊಳ್ಳೆಪರದೆ ಒಳಗೇ ಮಲಗು, ಒಂದು ದಿನವೂ ಬಿಡಬೇಡ. ಜ್ವರ ಬಂದರೆ ನಾಳೆ ನೋಡೋಣ ಅನ್ನದೆ ಆವತ್ತೇ ರಕ್ತ ಪರೀಕ್ಷೆ. ದಾರಿಯಲ್ಲಿ ಇಥಿಯೋಪಿಯಾ, ಕೀನ್ಯಾ, ಉಗಾಂಡಾ ಸುತ್ತಾಡಿ ಬರುವ ಯೋಚನೆ ಇದ್ದರೆ ಯೆಲ್ಲೋ ಫೀವರ್ ಲಸಿಕೆ ಹಾಕಿಸಿ ಹಳದಿ ಕಾರ್ಡ್ ಇಟ್ಟುಕೋ. ಹೊರಡುವ ಹತ್ತು ದಿನ ಮೊದಲೇ ಆಗಬೇಕು.

ನೀರಿನ ಎಂಜಿನಿಯರ್

ಸೋಲಾರ್ ದೀಪ ಒಂದು, ತಲೆಗೆ ಕಟ್ಟುವ ಟಾರ್ಚ್ ಒಂದು. ಸಾಸಿವೆ, ಇಂಗು, ಸಾರಿನ ಪುಡಿ. ಬೇರೆ ಎಲ್ಲಾ ಅಲ್ಲಿ ಸಿಗುತ್ತದೆ. ದೊಡ್ಡ ಪೇಟೆಗಳಲ್ಲಿ ಗುಜರಾತಿ ಅಂಗಡಿಗಳಿವೆ, ಬೇಳೆಗೆ ತೊಂದರೆ ಇಲ್ಲ.

ತುಮಕೂರು ಟೀಚರ್

ಮಗಳೇ, ಕತ್ತಲಿಗೆ ನಾನೂ ಹೆದರಿದ್ದೆ. ಮೊದಲ ವಾರ ಏಳು ಗಂಟೆಗೇ ಮಲಗಿದೆ. ಆಮೇಲೆ ಅಮಾಯಿ ಅಂಗಳದಲ್ಲಿ ಚಾಪೆ ಹಾಸಿ ಕರೆದರು. ಕಡಲೆಕಾಯಿ ಬಿಡಿಸುವ ಕೆಲಸ. ಬೆಳಕು ಬೇಕಿಲ್ಲ, ಬೆರಳಿಗೆ ಗೊತ್ತಾಗುತ್ತದೆ. ತಲೆ ಎತ್ತಿದರೆ ಆಕಾಶಗಂಗೆ, ಹಿಟ್ಟು ಚೆಲ್ಲಿದ ಹಾಗೆ. ನಮ್ಮೂರಲ್ಲಿ ಮೇ ತಿಂಗಳಲ್ಲಿ ದಕ್ಷಿಣದ ಅಂಚಿನಲ್ಲಿ ಸ್ವಲ್ಪ ಹೊತ್ತು ಕಾಣುವ ತ್ರಿಶಂಕು ನಕ್ಷತ್ರಪುಂಜ ಅಲ್ಲಿ ಆಕಾಶದ ಅರ್ಧ ಎತ್ತರಕ್ಕೆ ಬಂದು ನಿಲ್ಲುತ್ತದೆ. ಅಲ್ಲಿಯ ಮಾತು ನಾನು ಕಲಿತದ್ದು ಆ ಚಾಪೆ ಮೇಲೆಯೇ. ಒಂದು ಕಾಳಿಗೆ ಒಂದು ಪದ ಅಂತ ಮಕ್ಕಳು ಹೇಳಿಕೊಡುತ್ತಿದ್ದರು.

ಜೂನ್, ಜುಲೈಗೆ ಒಂದು ಸ್ವೆಟರ್ ಇರಲಿ. ಜೋಂಬಾ, ಮುಲಾಂಜೆ ಕಡೆ ಆದರೆ ಖಂಡಿತ ಬೇಕು. ಚಿಪೆರೋನಿ ಅಂತ ಸೋನೆ ಮಳೆ ಹಿಡಿಯುತ್ತದೆ. ಪಕ್ಕದ ಮೊಜಾಂಬಿಕ್‌ನ ಚಿಪೆರೋನೆ ಬೆಟ್ಟದ ಕಡೆಯಿಂದ ಬರುವ ಮಂಜು ಮಳೆ. ಎರಡು ಮೂರು ದಿನ ಬಿಸಿಲೇ ಇರಲ್ಲ. ಆಗ ಜಿತುಂಬುವಾ ಕೇಳು. ಕಳಿತ ಬಾಳೆಹಣ್ಣು ಕಿವುಚಿ, ಜೋಳದ ಹಿಟ್ಟಿಗೆ ಕಲಸಿ ಕರಿದ ಉಂಡೆ. ಕುಡ್ಲದವರಿಗೆ ಬನ್ಸ್ ನೆನಪಾಗುತ್ತದೆ.

ಕುಡ್ಲದ ನರ್ಸ್

ಆಗಲೇ ನೆನಪಾಯಿತು ಟೀಚರ್!

ಹೊರಟಿದ್ದೇನೆ

ಸೊಳ್ಳೆಪರದೆ, ಟಾರ್ಚ್, ಸಾಸಿವೆ, ಸ್ವೆಟರ್ ಎಲ್ಲಾ ಬರೆದುಕೊಂಡೆ. ನಮ್ಮಜ್ಜಿಗೆ ಈ ಮಾತೆಲ್ಲ ಓದಿ ಹೇಳಿದೆ. ಅಲ್ಲಿ ರಾಗಿ ಸಿಗುತ್ತೆ ಅಂದ ಮೇಲೆ ಅವರಿಗೆ ಅರ್ಧ ಚಿಂತೆ ಹೋಯಿತು. ಟೀಚರ್, ನಿಮ್ಮ ಅಮಾಯಿಗೆ ಏನಾದರೂ ಕೊಡುವುದಿದ್ದರೆ ಹೇಳಿ, ತಗೊಂಡು ಹೋಗುತ್ತೇನೆ.

ತುಮಕೂರು ಟೀಚರ್

ಇದನ್ನು ಓದಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ಹೌದು, ಇದೆ. ಹೊಸ ಅಡುಗೆಮನೆ ಕಟ್ಟಿದ್ದಾರೆ. ಒಂದು ಹಿಟ್ಟಿನ ಕೋಲು ಕಳಿಸುತ್ತೇನೆ, ನಮ್ಮೂರ ಬಡಗಿ ಹತ್ತಿರ ಮಾಡಿಸಿ. ಸೂಟ್‌ಕೇಸಿನಲ್ಲಿ ಹಿಡಿಯುವಷ್ಟು ಉದ್ದ ಇಟ್ಟು ಮಾಡಿಸುತ್ತೇನೆ. ನೀನು ಅವರ ಮನೆಗೆ ಹೋದಾಗ ಅಂಗಳದಲ್ಲೇ ನಿಂತು 'ಒಡಿ' ಅನ್ನು. ಅವರು 'ಒಡಿನಿ' ಅನ್ನುವವರೆಗೂ ಕಾಯಿ.